ವೈನಿಯ ಕೈಗೆ ಕೊಟ್ಟ ಲಾಳಿ

ನಮ್ಮಪ್ಪನ ಕೆಮ್ಮನ್ನು ನಾನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಬಡಾಯಿ ಅಲ್ಲ, ಅವ್ವನೇ ಸಾಕ್ಷಿ. ಅಂಗಳದಲ್ಲಿ ನಿಂತು ಮೂರು ಸಲ ಕೆಮ್ಮಿ, ನಾಲ್ಕನೆಯದನ್ನು ಅರ್ಧಕ್ಕೇ ನುಂಗಿದೆನೆಂದರೆ ಸಾಕು, ಆಕೆ ಒಳಗಿನಿಂದ ಚಹಾ ಹಿಡಿದು ಬರುತ್ತಿದ್ದಳು. ನನ್ನ ಮುಖ ಕಂಡು, "ಅಪ್ಪನ ಚಹಾ ಕಸಗೊಂಡು ಕುಡಿಯಾಕ ನಾಚಿಕಿ ಬರಂಗಿಲ್ಲೇನ ನಿನಗ?" ಎಂದು ಬೈಯುತ್ತಲೇ ಬಟ್ಟಲನ್ನು ನನ್ನ ಕೈಗೆ ಕೊಡುತ್ತಿದ್ದಳು.

ಬನಹಟ್ಟಿಯ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಸಿಗದವರಿರಲಿಲ್ಲ. ಜಮಖಂಡಿ ಮೋಟಾರಿನ ಕಂಡಕ್ಟರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಜನರನ್ನು ಹಿಂದಕ್ಕೆ ತಳ್ಳುವುದು, ಮಾಮಲೇದಾರ ಕಚೇರಿಯ ಕಾರಕೂನ ಮೂಗಿನಿಂದಲೇ "ನಾಳೆ ಬರ್ರಿ" ಅನ್ನುವುದು, ಸೀರೆ ಕೊಳ್ಳುವ ಸಾವುಕಾರರು ನಶ್ಯ ಏರಿಸಿ, ಸೀನು ಬಾರದೆ ಆಕಾಶ ನೋಡುತ್ತ ಕೂಡುವುದು, ಎಲ್ಲ ನನ್ನ ಹತ್ತಿರ ಇದ್ದವು. ನನ್ನ ಸ್ವಂತ ದನಿ ಬಿದಿರು ಸೀಳಿದಂತಿತ್ತು. ಅದನ್ನು ಅಣಕಿಸುವ ಕೆಲಸ ಅಣ್ಣನಿಗೆ ಬಿಟ್ಟಿದ್ದೆ. ಅವನೂ ಏನಾದರೂ ಮಾಡಬೇಕಲ್ಲ.

ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಮೂರು ಮಗ್ಗ: ಅಪ್ಪನದು, ಅಣ್ಣನದು, ಕಿಟಕಿಯ ಬದಿಯದು ನನ್ನದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯುವ ಮಗ್ಗಗಳು. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ರಾಟಿಯ ಮುಂದೆ ಕೂತು ಅಡ್ಡ ಎಳೆ ಹಾಯಿಸುವ ನನ್ನ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಮಾತು ಕಡಿಮೆ. ಕಿವಿ ಮಾತ್ರ ನನ್ನಷ್ಟೇ ಚುರುಕು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನನಗೆ ಇಪ್ಪತ್ತೊಂದು ನಡೆಯುತ್ತಿದ್ದ ವರ್ಷ, ದೀಪಾವಳಿ ಮುಗಿದ ಮೇಲೆ, ನನ್ನ ತಲೆ ಹಗುರಾಗತೊಡಗಿತು. ಮೊದಲು ಹಿತವಾಗಿಯೇ ಇತ್ತು. ಒಂದು ವಿಚಾರ ಮುಗಿಯುವ ಮೊದಲೇ ಇನ್ನೆರಡು ಬಂದು ಅದರ ಹೆಗಲೇರುತ್ತಿದ್ದವು. ಮರೆತದ್ದೆಲ್ಲ ಕರೆಯದೆ ಬಂತು. ಎರಡನೆಯ ಇಯತ್ತೆಯ ಹಾಜರಿ ಪಟ್ಟಿ ಮೊದಲಿನಿಂದ ಕೊನೆಯವರೆಗೆ ಬಂತು, ಯಾರ ಹೆಸರಿಗೆ ಮಾಸ್ತರರು ಹುಬ್ಬು ಗಂಟಿಕ್ಕುತ್ತಿದ್ದರು ಎಂಬುದರ ಸಮೇತ. ನಿದ್ದೆ ಎರಡು-ಮೂರು ತಾಸಿಗೆ ಇಳಿಯಿತು, ದಣಿವಾಗಲಿಲ್ಲ. ಕಂಡಕ್ಟರು, ಕಾರಕೂನ, ಸಾವುಕಾರರು ಮೂವರೂ ನನ್ನ ಬಾಯೊಳಗೆ ಒಟ್ಟಿಗೇ ಜಗಳಕ್ಕೆ ನಿಂತರು. ಮೊದಮೊದಲು ನಕ್ಕ ಓಣಿ ಆಮೇಲೆ ಬಾಗಿಲು ಮುಂದೆ ಮಾಡಿಕೊಳ್ಳತೊಡಗಿತು. ಆಗ ಮುಂಬಯಿ ರಾಜ್ಯದಲ್ಲಿ ದಾರೂಬಂದಿ. ಕುಡಿದಿದ್ದಾನೆ ಎಂದುಕೊಂಡ ಹಿರಿಯರೊಬ್ಬರು ನನ್ನನ್ನು ಗೋಡೆಯ ಮರೆಗೆ ಕರೆದು ಮೆಲ್ಲಗೆ ಕೇಳಿದರು: "ತಮ್ಮಾ, ಯಾರಿಗೂ ಹೇಳಂಗಿಲ್ಲ. ಎಲ್ಲಿ ಸಿಗತೈತಿ?"

ಅದು ನನಗೆ ನೆನಪಿದೆ. ಅದರ ಮುಂದಿನದಕ್ಕೆಲ್ಲ, ಹಾರಾಟ ನಿಲ್ಲುವ ತನಕ, ನಾನು "ಅಂತೆ" ಹಚ್ಚಿಯೇ ಹೇಳಬೇಕು, ಏಕೆಂದರೆ ಮಾಡಿದವನು ನಾನು, ನೆನಪಿಟ್ಟುಕೊಂಡವರು ಮನೆಯವರು.

ನಮ್ಮಲ್ಲಿ ಒಂದು ಹಾಸನ್ನು, ಅಂದರೆ ಮಗ್ಗಕ್ಕೆ ಹೂಡಿದ ಉದ್ದದ ಎಳೆಗಳನ್ನು, ನೇಯ್ದು ಮುಗಿಸಿದ ಮೇಲೆ ಅದರ ತುದಿಯನ್ನು ಹಣಿಗೆಯಿಂದ ಯಾರೂ ತೆಗೆಯುವುದಿಲ್ಲ. ಹಣಿಗೆಯೆಂದರೆ ಆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ, ಬಾಚಣಿಕೆಯಂಥ ಸಾಧನ. ಹಳೆಯ ಎಳೆಗಳ ಮೋಟು ತುದಿ ಅಲ್ಲೇ ಇರಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸಬೇಕು. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ಹಳೆಯದು ಹೋದ ದಾರಿಯಲ್ಲೇ ಹೊಸದು ಹೋಗುತ್ತದೆ. ಇಷ್ಟು ತಿಳಿಯದ ಜೀವ ನಮ್ಮ ಮನೆಯಲ್ಲಿ ಬೆಕ್ಕೊಂದೇ.

ಅಂಥ ತುದಿಯನ್ನು ಒಂದು ಮುಂಜಾನೆ ನಾನು ಅಷ್ಟೂ ಕಿತ್ತು ಹಾಕಿದೆನಂತೆ. ಹಳೆಯ ದಾರಿ ಸಾಕು, ಸೀರೆಯ ದಡಿಯಲ್ಲಿ ಮೋಟಾರು ಓಡಿಸುತ್ತೇನೆ, ಕಾರಕೂನನ ಮೂಗಿನ ಮೇಲಿನ ಚಾಳೀಸು ಮೂಡಿಸುತ್ತೇನೆ ಎಂದು ಸಾರಿದೆನಂತೆ. ಬೋಳು ಹಣಿಗೆ ನೋಡಿ ಅಪ್ಪ, "ಏನ ಮಾಡಿಟ್ಟ್ಯೋ ಲೇ!" ಎಂದರೆ, ಅವನಿಗೆ ಅವನದೇ ಕೆಮ್ಮಿನಲ್ಲಿ ಉತ್ತರ ಕೊಟ್ಟೆನಂತೆ. ಆವೊತ್ತು ಅವ್ವ ಚಹಾ ತರಲಿಲ್ಲವಂತೆ.

ಅಪ್ಪ ಹಣಿಗೆಯ ಈಚೆಗೆ, ವೈನಿ ಆಚೆಗೆ ಕೂತು, ಒಂದೊಂದು ಎಳೆಯನ್ನು ಒಂದೊಂದು ಸಂದಿನಲ್ಲಿ ತೂರಿಸಿ ಮುಗಿಸಲು ಮೂರು ದಿನ ಹಿಡಿಯಿತಂತೆ. ನಾನು ಓಣಿ ಸುತ್ತುವುದಕ್ಕಿಂತ ಕುಣಿಯಲ್ಲಿದ್ದರೆ ಚಿಂತೆ ಕಡಿಮೆ ಎಂದು ಆ ಹೊಸ ಹಾಸಿನ ಮೇಲೆ ನನ್ನನ್ನೇ ಕೂಡಿಸಿದರಂತೆ. ಅರ್ಧ ಸೀರೆ ನೇಯ್ದೆನಂತೆ. ಅಲ್ಲಿಗೆ ನನ್ನ ಹಾರಾಟ ನಿಂತಿತು.

ಹತ್ತುವಾಗ ಇದ್ದ ಮೆಟ್ಟಿಲು ಇಳಿಯುವಾಗ ಇರಲಿಲ್ಲ. ಕೊಡ ಹಿಡಿದು ಬಾವಿಗೆ ಹೋಗಿ, ಯಾಕೆ ಬಂದೆ ಎಂದು ನಿಲ್ಲುತ್ತಿದ್ದೆ. ಅವ್ವ ಮಾತು ಮುಗಿಸುವ ಹೊತ್ತಿಗೆ ಅದರ ಮೊದಲರ್ಧ ಎಲ್ಲಿಯೋ ಜಾರಿರುತ್ತಿತ್ತು. ಮಗ್ಗದಲ್ಲಿ ಯಾವ ಕಾಲು ಮೊದಲು ತುಳಿಯಬೇಕೆಂದು ನನ್ನ ಕಾಲುಗಳನ್ನೇ ಕೇಳಿಕೊಳ್ಳುತ್ತಿದ್ದೆ, ಎರಡೂ ಸುಮ್ಮನಿದ್ದವು. ಉಳಿದ ಅರ್ಧ ಸೀರೆ ಹೇಗೋ ಮುಗಿಯಿತು. ಒಂದು ದಿನ ಅವ್ವ ಚಹಾ ಹಿಡಿದು ಎದುರಿಗೆ ಬಂದು ನಿಂತಳು.

"ಒಮ್ಮಿ ಅಪ್ಪನಂಗ ಕೆಮ್ಮು ನೋಡೂಣು. ಕೊಡ್ತೀನಿ."

ಬಾಯಿ ತೆರೆದೆ. ಏನೂ ಬರಲಿಲ್ಲ. ಇಪ್ಪತ್ತು ವರ್ಷ ಕೇಳಿದ ಕೆಮ್ಮು ಅದು. ಅವ್ವ ಬಟ್ಟಲು ನನ್ನ ಕೈಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಅದೇ ವಾರ ಅಪ್ಪ ಒಂದು ಗಾಡಿ ಮಣ್ಣು ತರಿಸಿ ಅಂಗಳದ ಮೂಲೆಯಲ್ಲಿ ಸುರುವಿಸಿದ. ನನ್ನನ್ನು ಕರೆದು ತೋರಿಸಿದ.

"ಇನ್ನೊಮ್ಮಿ ಹಂಗಾತು ಅಂದ್ರ ಇದ ಮಣ್ಣಲೇ ನಿನ್ನ ಕುಣಿ ಮುಚ್ಚಸ್ತೀನಿ. ಬೀಳಗ್ಯಾಗ ನಿಮ್ಮ ಮಾವನ ಅಂಗಡ್ಯಾಗ ಪೊಟ್ಟಣ ಕಟ್ಟಕೋತ ಕೂಡು. ತಿಳೀತಿಲ್ಲೋ?"

ಅಪ್ಪ ಕೆಟ್ಟವನಲ್ಲ. ಹೆದರಿದ್ದ. ನಾನೂ ಹೆದರಿದೆ. ಮಗ್ಗ ಬಿಟ್ಟರೆ ನನಗೆ ಬರುತ್ತಿದ್ದುದು ಬೇರೆಯವರ ದನಿಗಳಷ್ಟೇ, ಅವೂ ಆಗ ಊರು ಬಿಟ್ಟಿದ್ದವು. ಆವೊತ್ತಿನಿಂದ ಹೊರಗೆ ಹೋಗುವಾಗಲೂ ಬರುವಾಗಲೂ ಆ ಗುಡ್ಡೆಯನ್ನು ದಾಟಿಯೇ ಹೋಗಬೇಕಾಗುತ್ತಿತ್ತು. ಕೋಳಿಗಳು ಮಾತ್ರ ಅದನ್ನು ತಮಗಾಗಿಯೇ ತರಿಸಿದ್ದೆಂದು ತಿಳಿದು ದಿನವೂ ಕೆದರುತ್ತಿದ್ದವು.

ಜಮಖಂಡಿಯ ಡಾಕ್ಟರರ ಹತ್ತಿರ ನನ್ನನ್ನು ಕರೆದೊಯ್ದವರು ಅಣ್ಣ ಮತ್ತು ವೈನಿ. ವೈನಿಯ ಬಗಲಲ್ಲಿ ಒಂದು ಗಂಟಿತ್ತು. ಬುತ್ತಿ ಎಂದುಕೊಂಡು ದಾರಿಯುದ್ದಕ್ಕೂ ಅದರ ಮೇಲೆ ಕಣ್ಣಿಟ್ಟಿದ್ದೆ. ಡಾಕ್ಟರು ಯಾವಾಗ ಶುರುವಾಯಿತು, ಎಷ್ಟು ದಿನ ಇತ್ತು ಎಂದು ಕೇಳಿದರು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಒಂದು ತಿಂಗಳೆಂದು ಶುರುಮಾಡಿ, ಎರಡು ಮಾಡಿ, ತಲೆ ಕೆರೆದುಕೊಂಡ. ವೈನಿ ಗಂಟು ಬಿಚ್ಚಿ ಮೇಜಿನ ಮೇಲೆ ಹರವಿದರು. ಬುತ್ತಿಯಲ್ಲ, ಆ ಸೀರೆ. ಸಾವುಕಾರರು ಸೀನುವುದನ್ನೂ ಮರೆತು ತಿರುಗಿ ಕೊಟ್ಟಿದ್ದ ಸೀರೆ.

"ಇಲ್ಲಿ ಮುಟ್ಟಿ ನೋಡ್ರಿ," ಎಂದರು. ಮೊದಲ ಅರ್ಧ ಹಲಗೆಯಂತೆ ಗಟ್ಟಿ. ಅಷ್ಟು ಜೋರಾಗಿ ಬಡಿದಿದ್ದೆ, ಅಂಚು ಒಳಕ್ಕೆ ಎಳೆದುಕೊಂಡು ಮುರುಟಿತ್ತು. ನಡುವೆ ನಾಲ್ಕು ಬೆರಳಿನಷ್ಟು ಜಾಗ ಹದವಾಗಿತ್ತು, ಬಹುಶಃ ಮೇಲಿಂದ ಕೆಳಗೆ ಬೀಳುವಾಗ ನಾನು ಶಾಣ್ಯಾತನದ ಎದುರಿಗೆ ಹಾದುಹೋದ ಗಳಿಗೆ. ಅಲ್ಲಿಂದ ಮುಂದೆ ಜಾಳುಜಾಳು. ಡಾಕ್ಟರರ ಹೆಬ್ಬೆರಳು ಆಚೆಯಿಂದ ಕಾಣುತ್ತಿತ್ತು.

ನನ್ನ ತಲೆಯಲ್ಲಿ ಇಲ್ಲದ ದಿನಗಳು ಅಲ್ಲಿ ಮೇಜಿನ ಮೇಲೆ ಬಿದ್ದಿದ್ದವು.

"ಇದಕ್ಕೂ ಮೊದಲ ಗೊತ್ತಿತ್ತೇನ್ರಿ ನಿಮಗ?" ಡಾಕ್ಟರು ಕೇಳಿದರು.

"ಮಗ್ಗದ ಸಪ್ಪಳ ಕೇಳ್ತೈತಲ್ರಿ," ವೈನಿ ನೆಲ ನೋಡುತ್ತ ಹೇಳಿದರು. "ಒಂದ ಕಂಡಿಕಿ ಮುಗಿಯೂದರಾಗ ನಾ ಇನ್ನೊಂದು ಸುತ್ತತೇನ್ರಿ. ಆಗ ನನ್ನ ಕೈಗಿ ಪುರಸೊತ್ತ ಸಿಗಲಿಲ್ರಿ. ಆದರ ಯಾರ ಮುಂದ ಏನಂತ ಹೇಳೂದು? ಛಲೋ ದುಡ್ಯಾಕತ್ತಾನ ಅಂತ ಎಲ್ಲಾರೂ ಖುಷಿ ಇದ್ರು."

ಡಾಕ್ಟರು ಬೇನೆಗೆ ಒಂದು ಉದ್ದನೆಯ ಇಂಗ್ಲೀಷು ಹೆಸರು ಹೇಳಿದರು. ಅದು ಮರುದಿನವೇ ಮರೆತುಹೋಯಿತು. ಉಳಿದ ಮಾತು ನೆನಪಿದೆ. ಏರಿದ್ದಾಗಿನ ಕೆಲವು ದಿನ ಮರಳಿ ನೆನಪಾಗದೆ ಇರಬಹುದು, ಅದಕ್ಕಾಗಿ ತಲೆ ಚಚ್ಚಿಕೊಳ್ಳಬೇಡ. ಕೈ ಕಲಿತದ್ದು ಕೈಯಲ್ಲೇ ಇರುತ್ತದೆ, ನಿಧಾನವಾಗಿ ಬರುತ್ತದೆ ಎಂದರು. ನಿದ್ದೆಗೆ ಔಷಧ ಬರೆದರು. ಆಮೇಲೆ, "ಮುಂದ ಹಂಗ ಏರಿದಾಗ ನೀ ಯಾರ ಮಾತೂ ಕೇಳಂಗಿಲ್ಲ. ಅದಕ್ಕ ಈಗ ಹೇಳು, ಆವಾಗ ಯಾರು ಏನ ಮಾಡಬೇಕು?" ಎಂದು ಕೇಳಿದರು.

ಅಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ನನಗೆ ಹೇಳುವವರೇ. ಬಹಳ ಹೊತ್ತು ಹುಡುಕಿದ ಮೇಲೆ ಒಂದು ಮಾತು ಸಿಕ್ಕಿತು.

"ವೈನಿ ನನ್ನ ಲಾಳಿ ಕಸಗೋಬೇಕ್ರಿ."

"ನಾ ಕಸಗೊಳ್ಳಂಗಿಲ್ಲ," ವೈನಿ ಥಟ್ಟನೆ ಅಂದರು. "ಕೇಳ್ತೀನಿ. ನೀನ ಕೊಡಬೇಕು."

ಬೇಸಿಗೆಯ ಹೊತ್ತಿಗೆ ಕಾಲಿಗೆ ತುಳಿಯುವುದು ನೆನಪಾಯಿತು. ಕೈಯೂ ಹದಕ್ಕೆ ಬಂತು. ಮೊದಲು ತಿರುಗಿ ಬಂದ ದನಿ ಕಾರಕೂನನದು; ಬರಬೇಡವೆಂದರೂ ಬರುವವನು ಅವನೇ ಇರಬೇಕು. ಅಪ್ಪನ ಕೆಮ್ಮು ಕೊನೆಗೆ ಬಂತು. ಅಂಗಳದಲ್ಲಿ ಮೂರು ಕೆಮ್ಮಿ ನಾಲ್ಕನೆಯದನ್ನು ನುಂಗಿದೆ. ಅವ್ವ ಚಹಾ ಇಲ್ಲದೆ, ಬರಿಗೈಯಲ್ಲಿ ಓಡಿ ಬಂದಳು. ಮಣ್ಣಿನ ಗುಡ್ಡೆ ಮಾತ್ರ ಇದ್ದಲ್ಲೇ ಇತ್ತು.

ಮತ್ತೆ ದೀಪಾವಳಿ ಬಂತು, ಹೋಯಿತು. ಎಂಟು ದಿನಕ್ಕೆ, ಒಂದು ಮಧ್ಯಾಹ್ನ, ವೈನಿಯ ರಾಟಿ ನಿಂತಿತು. ಎದ್ದು ಬಂದು ನನ್ನ ಮಗ್ಗದ ಪಕ್ಕದಲ್ಲಿ ನಿಂತು ಕೈ ಚಾಚಿದರು.

"ಲಾಳಿ ಕೊಡು."

ನನಗೆ ಸಿಟ್ಟು ಬಂತು. ಆವೊತ್ತು ನನ್ನ ತಲೆ ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಇಂಥ ದಿನವೇ ಕೇಳಬೇಕೇ ಇವರು? "ನನಗೇನ ಆಗಿಲ್ರಿ ವೈನಿ. ನಿಮ್ಮ ರಾಟೀನ ಸಾವಕಾಶ ಆಗೇತಿ." ವೈನಿ ಕೈ ಹಿಂದೆ ತೆಗೆಯಲಿಲ್ಲ. ನಾನು ಡಾಕ್ಟರರ ದನಿ ತೆಗೆದೆ: "ಇವರಿಗಿ ಏನೂ ಆಗಿಲ್ರಿ ಬಾಯಾರ, ಲಾಳಿ ಇವರ ಕೈಯಾಗ ಇರಲಿ, ದಿನಾ ಎರಡ ಸಲ ಊಟಾದ ಮ್ಯಾಲ." ಅಣ್ಣ ಫಕ್ಕನೆ ನಕ್ಕ. ವೈನಿಯ ತುಟಿಯೂ ಒಂದಿಷ್ಟು ಅಲುಗಿತು, ಕೈ ಅಲುಗಲಿಲ್ಲ.

"ಮುಂಜಾನಿಂದ ಎಷ್ಟ ಕಂಡಿಕಿ ಹಾಕೀದಿ, ಹೇಳು ನೋಡೂಣು."

ಹೇಳಲು ಹೋದೆ. ನೆನಪಿರಲಿಲ್ಲ. ಎರಡನೆಯ ಇಯತ್ತೆಯ ಹಾಜರಿ ಪಟ್ಟಿ ಮಾತ್ರ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿತ್ತು.

ಅಪ್ಪ ತನ್ನ ಮಗ್ಗ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಕಿಟಕಿಯಿಂದ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಕೈಯಲ್ಲಿದ್ದ ಲಾಳಿ ಬೆಚ್ಚಗಿತ್ತು. ಅದನ್ನು ಬಿಡುವುದೆಂದರೆ ನಡುದಾರಿಯಲ್ಲಿ ಮೋಟಾರಿನಿಂದ ಇಳಿದಂತೆ. ಆದರೂ ಮೇಜಿನ ಮೇಲಿನ ಆ ಸೀರೆ ನೆನಪಾಯಿತು, ನಾಲ್ಕು ಬೆರಳಿನ ಆ ಹದವಾದ ಜಾಗ. ಈಗ ನಾನು ಅಲ್ಲೇ ಎಲ್ಲೋ ಇದ್ದೇನೆ ಎನಿಸಿತು. ಲಾಳಿಯನ್ನು ವೈನಿಯ ಅಂಗೈಯಲ್ಲಿ ಇಟ್ಟೆ.

"ಜ್ವಾಕಿರಿ," ಎಂದೆ. "ನಿಮಗ ನೇಯಾಕ ಬರಂಗಿಲ್ಲ."

"ನಿನಗ ಇವತ್ತ ಬರೂದು ಕಾಣತೈತಿ. ಏಳು, ಜಮಖಂಡಿ ಮೋಟಾರ ತಪ್ಪತೈತಿ."

ಆ ಸಲವೂ ಏರಿದೆ. ಏರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮಾಳಿಗೆಯ ತನಕ ಏರಿದ್ದು, ಆಕಾಶಕ್ಕಲ್ಲ. ಔಷಧ, ನಿದ್ದೆ, ಅವ್ವನ ಕಾವಲು. ನನ್ನ ಮಗ್ಗದಲ್ಲಿ ಅಣ್ಣ ಉಳಿದ ಸೀರೆ ಮುಗಿಸಿ, ಹಾಸಿನ ತುದಿಯನ್ನು ಹಣಿಗೆಯಲ್ಲೇ ಬಿಟ್ಟು, ಮೇಲೊಂದು ಬಟ್ಟೆ ಹೊದಿಸಿಟ್ಟಿದ್ದ. ಇಳಿಯುವಾಗಲೂ ನೆಲ ಬೇಗ ಸಿಕ್ಕಿತು. ಒಂದೂವರೆ ತಿಂಗಳಿಗೆ ನಾನೂ ವೈನಿಯೂ ಎದುರುಬದುರು ಕೂತು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸನ್ನು ಆ ತುದಿಗೆ ಕೆಚ್ಚಿದೆವು. ನಡುವೆ ಅಲ್ಲಲ್ಲಿ ಮರೆತೆ. ಮರೆತರೂ ಮುಂದಿನ ಹಳೆಯ ಎಳೆ ಅಲ್ಲೇ ಕಾಯುತ್ತಿತ್ತು. ಮುಗಿದ ಮೇಲೆ ವೈನಿ ಒಳಗೆ ಹೋಗಿ, ಲಾಳಿ ತಂದು ಮಗ್ಗದ ಮೇಲಿಟ್ಟರು. ಅದಕ್ಕೆ ಎಣ್ಣೆ ಹಚ್ಚಿ ಒರೆಸಿದ್ದರು.

ಈ ಸಲದ ದಿನಗಳು ನನಗೆ ನೆನಪಿವೆ, ಹೆಚ್ಚುಕಡಿಮೆ ಎಲ್ಲ. "ಅಂತೆ" ಹಚ್ಚದೆ ಹೇಳಿದ್ದೇನೆ, ಬೇಕಾದರೆ ತಿರುಗಿ ಓದಿ ನೋಡಿ.

ಮಳೆಗಾಲ ಹತ್ತಿರ ಬಂದಾಗ ಅಪ್ಪ ಮನೆಯ ಮಣ್ಣಿನ ಮಾಳಿಗೆ ಹತ್ತಿ, ಮಣ್ಣು ಕೊಡೆಂದು ನನ್ನನ್ನು ಕೂಗಿದ. ಗುಡ್ಡೆಯ ಮಣ್ಣನ್ನು ಬುಟ್ಟಿಬುಟ್ಟಿ ಮೇಲಕ್ಕೆ ಕೊಟ್ಟೆ. ಅಪ್ಪ ಸೋರುವ ಕಡೆಯಲ್ಲೆಲ್ಲ ಹರವಿ ತುಳಿದ. "ಕುಣಿಗಿ ತಂದ ಮಣ್ಣಲ್ಲೇನಪಾ ಇದು?" ಎಂದು ಕೇಳಿದೆ.

"ಯಾವನ್ ಹೇಳಿದ? ಮಾಳಿಗಿಗಂತ ತರಿಸಿದ್ದೆ," ಎಂದ ಅಪ್ಪ. ಧೂಳಿಗೆ ಮೂರು ಸಲ ಕೆಮ್ಮಿ, ನಾಲ್ಕನೆಯದನ್ನು ಅರ್ಧಕ್ಕೇ ನುಂಗಿದ. ಕೆಳಗಿನಿಂದ ನಾನು ಉಳಿದರ್ಧ ಕೆಮ್ಮಿದೆ. ಅವ್ವ ಎರಡು ಬಟ್ಟಲು ಹಿಡಿದು ಹೊರಗೆ ಬಂದಳು.