ಕುಂಬಳದ ಬಳ್ಳಿ ಮುಟ್ಟಿದ ಕೈ

ಕುಸುಬಿ ಎಣ್ಣೆಯ ಒಗ್ಗರಣೆ ನನಗೆ ಸೇರುತ್ತಿರಲಿಲ್ಲ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ, ನನಗೆ ಒಂಬತ್ತು ವರ್ಷ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮದುವೆ ಊಟ ಉಂಡು ಬಂದಿದ್ದೆ. ಅಲ್ಲಿ ಎಲ್ಲವನ್ನೂ ಶೇಂಗಾ ಎಣ್ಣೆಯಲ್ಲಿ ಕರಿದಿದ್ದರು. ಮನೆಗೆ ಬಂದವಳೇ ತಾಟು ದೂಡಿ, ‘ಕುಸುಬಿ ಎಣ್ಣಿ ನಾ ಒಲ್ಲೆ’ ಎಂದು ಮೂರು ದಿನ ರಂಪ ಮಾಡಿದೆ. ತಾಯಿಯಿಲ್ಲದ ಮಗು ಎಂದು ಅಪ್ಪ ಸೋತ.

ನನ್ನೊಬ್ಬಳದೇ ಹಟವೆಂದರೆ ಸುಳ್ಳಾಗುತ್ತದೆ. ಊರಿಗೆ ಊರೇ ಆಗ ಶೇಂಗಾ ಎಣ್ಣೆಯ ರುಚಿಗೆ ಬಿದ್ದಿತ್ತು. ಕುಸುಬಿ ಎಣ್ಣೆ ಬಡವರ ಎಣ್ಣೆ ಎಂಬ ಮಾತು ಹುಟ್ಟಿತ್ತು. ಆ ವರ್ಷ ಹಿಂಗಾರಿಗೆ ನಮ್ಮ ಪುರ್ತಗೇರಿಯ ಹೊಲಗಳಲ್ಲಿ ಜೋಳದ ಸುತ್ತ ಕುಸುಬಿಯ ಸಾಲು ಬಿತ್ತುವವರೇ ಇಲ್ಲವಾದರು. ಅದರ ಹೂವಿಗೆ ಮುತ್ತುತ್ತಿದ್ದ ಜೇನುಹುಳುಗಳ ವಿಚಾರ ಯಾರ ತಲೆಗೂ ಬರಲಿಲ್ಲ. ನಮ್ಮ ಬಾವಿಯ ಕಲ್ಲುಸಂದಿಯಲ್ಲಿದ್ದ ಜೇನುಹುಟ್ಟು ಮಾಘ ಮಾಸದ ಹೊತ್ತಿಗೆ ಬರಿದಾಯಿತು. ನಾನಂತೂ ಹುಳು ಕಡಿಯುವುದು ತಪ್ಪಿತೆಂದು ಹಿಗ್ಗಿದೆ.

ಬಾವಿಯ ದಂಡೆಗೆ ಚಿಗವ್ವ ಕುಂಬಳ ಹಾಕಿದ್ದಳು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಹೊಳೆಆಲೂರಿನವಳು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ನನಗೆ ಜಡೆ ಹಾಕಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಅವಳೇ.

ಶಿವರಾತ್ರಿ ಕಳೆಯುತ್ತಿದ್ದಂತೆ ಬಳ್ಳಿಯ ತುಂಬ ಹೂವು. ಆದರೆ ಒಂದು ಹೀಚೂ ನಿಲ್ಲಲಿಲ್ಲ. ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತು ಹೂವು ಅರಳುವುದು, ಮೂರನೆಯ ದಿನ ಹಳದಿಯಾಗಿ ಉದುರುವುದು. ನಮ್ಮ ಕಡೆ ಎಳೆಗಾಯಿಯತ್ತ ಬೆರಳು ಚಾಚಿ ತೋರಿಸಬಾರದು, ಕೊಳೆಯುತ್ತದೆ ಎನ್ನುತ್ತಾರೆ. ಬೆರಳು ಮಡಿಸಿ ಗಿಣ್ಣಿನಿಂದ ತೋರಿಸಬೇಕು. ಹೆರದವಳು ಬಳ್ಳಿ ಮುಟ್ಟಿದರಂತೂ ಮುಗಿಯಿತು. ಅಪ್ಪನ ತಾಯಿ, ನಮ್ಮ ಆಯಿ, ಇದನ್ನು ಹಿಡಿದಳು. ಹಾಡಿದ್ದೇ ಹಾಡುವ ಕಿಸುಬಾಯಿದಾಸನ ಹಾಗೆ ದಿನವೂ ಅದೇ ಮಾತು. ಕಡೆಗೊಂದು ಸಂಜೆ ಕಾಕಾನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

‘ಯುಗಾದಿ ತನಕಾ ನೋಡ್ತೀನಿ. ಬಳ್ಳ್ಯಾಗ ಕಾಯಿ ನಿಲ್ಲಲಿಲ್ಲಂದ್ರ ಇಕಿನ್ನ ತವರಿಗೆ ಬಿಟ್ಟು ಬಾ. ನರಗುಂದದಾಗ ಒಂದು ಹುಡುಗಿ ನೋಡೀನಿ.’

ಕಾಕಾ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದ. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಗಂಡಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮರುದಿನ ಬೆಳಗಾಗುತ್ತಲೇ ಚಿಗವ್ವ ನನ್ನನ್ನು ಕರೆದುಕೊಂಡು ಬಾವಿಗೆ ಹೋದಳು. ಹೀಚಿಲ್ಲದ ಗಂಡು ಹೂವನ್ನು ಕಿತ್ತು, ಎಸಳು ಹರಿದು, ನಡುವಿನ ಪುಡಿಯನ್ನು ಹೀಚು ಹೊತ್ತ ಹೂವಿನೊಳಗೆ ಮೆಲ್ಲಗೆ ತಿಕ್ಕಿದಳು.

‘ಹೊಳಿ ಬಂದು ಜೇನಹುಟ್ಟೆಲ್ಲಾ ಕೊಚ್ಚಿಕೊಂಡು ಹ್ವಾದ ವರ್ಷ ನಮ್ಮವ್ವ ತ್ವಾಟದಾಗ ಹಿಂಗ ಮಾಡ್ತಿದ್ದಳು’ ಎಂದಳು. ‘ಹುಳಾ ಮಾಡೂ ಕೆಲಸ, ಹುಳಾ ಇಲ್ಲಂದ್ರ ನಾವ ಮಾಡಬೇಕು. ಯಾರ ಮುಂದೂ ಹೇಳಬ್ಯಾಡ ಮತ್ತ.’

ಆ ಹೂವು ಅರಳುವುದು ಒಂದೇ ಬೆಳಗು. ಬಿಸಿಲೇರಿದರೆ ಮುದುಡುತ್ತದೆ. ಯುಗಾದಿಗೆ ಎಂಟೇ ದಿನ ಉಳಿದಿತ್ತು. ಮೊದಲ ದಿನ ಹೀಚು ಹೊತ್ತ ಹೂವು ಒಂದೇ ಸಿಕ್ಕಿತು, ಎರಡನೆಯ ದಿನ ಒಂದೂ ಇಲ್ಲ, ಮೂರನೆಯ ದಿನ ಎರಡು. ಅವಳು ಒಂದೊಂದು ಎಲೆಯನ್ನೂ ಎತ್ತಿ ಹುಡುಕುತ್ತಿದ್ದಳು. ನನಗೆ ಅವಳ ಮುಖ ನೋಡಲು ಹೆದರಿಕೆಯಾಗುತ್ತಿತ್ತು.

ನಾಲ್ಕನೆಯ ದಿನ ತಲೆ ಎತ್ತಿದರೆ ಎದುರಿಗೇ ಆಯಿ.

‘ಹೂ ಹರದು ಹೀಚಿಗೆ ಮಾಟಾ ಮಾಡಾಕತ್ತೀಯೇನ?’

‘ಇಲ್ರಿ ಅತ್ತಿ. ಕಾಯಿ ಹಿಡೀಲಿ ಅಂತ...’

ಆಯಿ ಅವಳ ಮಾತು ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿದಳು. ‘ನೀ ನೋಡೀಯಲ್ಲ, ಏನ ಮಾಡ್ತಿದ್ದಳು ಹೇಳು.’

ಚಿಗವ್ವ ನನ್ನನ್ನೇ ನೋಡಿದಳು. ಯಾರ ಮುಂದೂ ಹೇಳಬೇಡ ಎಂದಿದ್ದ ಅವಳ ಕಣ್ಣು ಈಗ ಹೇಳು, ಹೇಳು ಎನ್ನುತ್ತಿತ್ತು. ನನಗೆ ಎಲ್ಲ ಗೊತ್ತಿತ್ತು. ಆಯಿಯ ಕೈಯಲ್ಲಿ ಕೋಲೂ ಇತ್ತು.

‘ಹೂ ಹರೀತಿದ್ದಳು’ ಎಂದೆ.

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಯುಗಾದಿಯ ತನಕ ಕಾಯುವುದೂ ಬೇಕಾಗಲಿಲ್ಲ. ಅಂದೇ ಮಧ್ಯಾಹ್ನ ಕಾಕಾ ಚಕ್ಕಡಿ ಹೂಡಿದ. ಗಜೇಂದ್ರಗಡದಿಂದ ಬಸ್ಸು ಹಿಡಿದು ರೋಣದ ಮೇಲೆ ಹೊಳೆಆಲೂರಿಗೆ ಹೋಗಬೇಕಿತ್ತು. ಹೊಸಿಲಲ್ಲಿ ಚಿಗವ್ವ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹಾಕಿದಳು. ಬೈಯುತ್ತಾಳೆಂದು ಕಾದೆ.

‘ಬಳ್ಳಿಗೆ ನೀರ ಬಿಡೂದು ಮರೀಬ್ಯಾಡ’ ಎಂದು ಚಕ್ಕಡಿ ಹತ್ತಿದಳು.

ಯುಗಾದಿಯ ದಿನ ನೋಡಿದರೆ ಮೂರು ಹೀಚು ನಿಂತಿದ್ದವು. ಅವಳ ಕೈ ಮುಟ್ಟಿದ್ದ ಅವೇ ಮೂರು, ನಿಂಬೆಹಣ್ಣಿನಷ್ಟಾಗಿ, ಹಸುರಾಗಿ. ಆಯಿ ಓಣಿಯವರನ್ನೆಲ್ಲ ಕರೆದು, ಬೆರಳು ಮಡಿಸಿ ತೋರಿಸಿದಳು.

‘ನೋಡಿದ್ರೇನು? ಪೀಡಾ ಹೋತು, ಬಳ್ಳಿ ಕಾಯಿ ಹಿಡೀತು.’

ಎಲ್ಲರೂ ಹೌದ್ರಿ ಹೌದ್ರಿ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ, ಕೊಡ ತೆಗೆದುಕೊಂಡು ಬಳ್ಳಿಗೆ ನೀರು ಹಾಕಲು ಹೋದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಚಿಗವ್ವನ ಕಾಲ ಬರಲೇ ಇಲ್ಲ. ಆ ಮೂರರ ಮೇಲೆ ನಾಲ್ಕನೆಯ ಕಾಯಿಯೂ ಹಿಡಿಯಲಿಲ್ಲ. ಆಯಿ ಆ ಮಾತು ಎತ್ತಲಿಲ್ಲ.

ಮಳೆಗಾಲಕ್ಕೆ ಮುಂಚೆ ನರಗುಂದದ ಬೀಗರು ಮಾತುಕತೆಗೆ ಬಂದರು. ಆಯಿ ಮೊದಲ ಕುಂಬಳಕಾಯಿ ಒಡೆದು, ಬೆಲ್ಲ ಹಾಕಿ, ಶೇಂಗಾ ಎಣ್ಣೆಯಲ್ಲಿ ಗಾರಿಗೆ ಕರಿದಳು. ಬಿಸಿ ಗಾರಿಗೆಯೊಂದನ್ನು ಮೊದಲು ನನ್ನ ಕೈಗೇ ಕೊಟ್ಟಳು. ಘಮಘಮಿಸುತ್ತಿತ್ತು. ನಾನು ನಾಲ್ಕು ತಿಂದೆ.