ಅಕ್ಕ ನೋಡುತ್ತಿದ್ದ ಲೆಕ್ಕ

ಅಕ್ಕನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದ ವರ್ಷ ನಾನು ಚಿಕ್ಕೋಡಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕನನ್ನು ರಾಯಬಾಗದ ಕಡೆಯ ದಿಗ್ಗೇವಾಡಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಅಲ್ಲಿಯೇ ಸಣ್ಣ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಭಾವ ಹೊಲಕ್ಕೆ ಹೋದರೆ ಹಗಲಿನಲ್ಲಿ ನೋಡಿಕೊಳ್ಳುವವರು ಇರಲಿಲ್ಲವಾದ್ದರಿಂದ, ಮಿರಜಿನಲ್ಲಿ ಕಿಮೊ ಮುಗಿಸಿಕೊಂಡು ಪ್ರತಿಸಲ ನಮ್ಮ ಮನೆಗೇ ಬರುತ್ತಿದ್ದಳು. ನನ್ನ ಹೆಂಡತಿ ಜೊತೆಗೆ ಹೋಗಿ ಕರೆತರುತ್ತಿದ್ದಳು.

ಒಳಗೆ ಒಬ್ಬಳೇ ಮಲಗಿದರೆ ಬೇಡದ್ದೆಲ್ಲ ನೆನಪಾಗುತ್ತದೆಂದು ಅಕ್ಕ ಮಧ್ಯಾಹ್ನ ಅಂಗಡಿಗೆ ಬಂದು ಕೂರುತ್ತಿದ್ದಳು. ಕೂದಲು ಉದುರಿದ್ದರಿಂದ ತಲೆಯ ಮೇಲಿನ ಸೆರಗು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು.

ಆ ದಿನಗಳಲ್ಲಿಯೇ ಇಂಟರ್‌ನೆಟ್ಟಿನಲ್ಲಿ ಒಂದು ಸಂಗತಿ ಓದಿದ್ದೆ. ಜಗತ್ತಿನ ನಾನಾ ಕಡೆಯ ಜನ ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಸಂಶೋಧಕರಿಗೆ ಬಿಟ್ಟುಕೊಡುತ್ತಾರೆ. ಸಂಶೋಧಕರು ಬಹಳ ದೊಡ್ಡ ಲೆಕ್ಕವನ್ನು ತುಂಡು ತುಂಡು ಮಾಡಿ ಕಳಿಸುತ್ತಾರೆ. ನಮ್ಮ ಯಂತ್ರ ಒಂದೊಂದೇ ತುಂಡನ್ನು ಬಿಡಿಸಿ ಹಿಂದಕ್ಕೆ ಕಳಿಸುತ್ತದೆ. ವಿಡಿಯೊ ಕೆಲಸಕ್ಕೆಂದು ನಾನು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಯಾರಿಗೂ ಹೇಳದೆ ಅದನ್ನೂ ಪ್ರೊಸೆಸರನ್ನೂ ಪೂರ್ತಿಯಾಗಿ ಆ ಕೆಲಸಕ್ಕೆ ಹಚ್ಚಿದೆ.

ಅಕ್ಕ ಪರದೆಯನ್ನು ನೋಡಿ ಕೇಳಿದಳು: "ತಮ್ಮಾ, ಇದೇನ್ ಹುಳಾ ಹೊರಳಾಡಿದಂಗ ಹೊರಳಾಡಾಕತ್ತೈತಿ?"

"ಪ್ರೋಟೀನ್ ಅಕ್ಕಾ. ನಮ್ಮ ಮೈಯಾಗ ಇರ್ತೈತಲ್ಲ, ಅದು. ಹೆಂಗ ಮಡಚ್ಕೋತೈತಿ ಅಂತ ಲೆಕ್ಕಾ ಮಾಡಾಕತ್ತೈತಿ. ಕ್ಯಾನ್ಸರಿಗೆ ಔಷಧ ಹುಡುಕಾವ್ರಿಗೆ ಬೇಕಂತ."

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. "ನನ್ನ ಪಾಳಿಗೆ ಬರ್ತೈತೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಕ್ಕಾ. ಭಾಳ ವರ್ಷ ಬೇಕು."

"ಇರ್ಲಿ ಬಿಡು. ಯಾರದರೆ ಪಾಳಿಗೆ ಬರ್ತೈತಿ."

ಮದುವೆಯ ಸೀಜನ್ ಶುರುವಾದಾಗ ತೊಂದರೆ ಬಂತು. ಶೇಡಬಾಳದ ಒಬ್ಬ ಹಿರಿಯರು ಮಗನ ಮದುವೆಯ ಡಿವಿಡಿ ಒಯ್ಯಲು ಬಂದು ಕೂತಿದ್ದರು. ಯಂತ್ರ ಒಂದು ಹೆಜ್ಜೆಯೂ ಮುಂದೆ ಹೋಗಲೊಲ್ಲದು. ಮೌಸ್ ಅಲುಗಾಡಿಸಿದರೂ ಬಾಣ ನಿಂತಲ್ಲೇ ನಿಲ್ಲುತ್ತಿತ್ತು.

"ಮುಂಜಾನಿ ಬರ್ರಿ ಅಂದಿದ್ರಿ," ಎಂದರು ಅವರು ಮೆಲ್ಲಗೆ. "ಬೀಗರು ಮನ್ಯಾಗ ಕಾಯಾಕತ್ತಾರ್ರಿ."

ಲೆಕ್ಕವನ್ನು ಬಂದ್ ಮಾಡಿದೆ. ಡಿವಿಡಿ ಆಯಿತು, ಅವರು ಹೋದರು. ಒಂದರ ಹಿಂದೆ ಒಂದು ಮದುವೆಯ ಕೆಲಸ ಬಂತು; ನಾನು ಮತ್ತೆ ಅದನ್ನು ಚಾಲೂ ಮಾಡಲಿಲ್ಲ.

ಮುಂದಿನ ಸಲ ಅಕ್ಕ ಬಂದಾಗ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಯಿತು. ಕೂತವಳೇ ಪರದೆಯತ್ತ ನೋಡಿದಳು. ಅಲ್ಲಿ ಯಾರದೋ ಅರಿಸಿನದ ಶಾಸ್ತ್ರ ನಡೆದಿತ್ತು.

"ಆ ಲೆಕ್ಕ ನಿಂತೈತೇನು?"

"ಸೀಜನ್ ಅಕ್ಕಾ. ಎರಡೂ ಕೂಡಿ ನಡಿಯೂದಿಲ್ಲ."

ಅವಳು ಚಹಾ ಬರುವ ಮೊದಲೇ ಎದ್ದು ಒಳಗೆ ಹೋದಳು. ಹೆಂಡತಿ ಕಪ್ಪನ್ನು ನನ್ನ ಮುಂದಿಟ್ಟು ಹೇಳಿದಳು: "ಬಸ್ಸಿನ್ಯಾಗ ಬಾಜೂಕ ಕುಂತ ಹೆಣ್ಮಗಳಿಗೆ ಹೇಳಾಕತ್ತಿದ್ರು ಅಕ್ಕಾರು, ನಮ್ಮ ತಮ್ಮನ ಅಂಗಡ್ಯಾಗ ಔಷಧದ ಕೆಲಸ ನಡದೈತಿ ಅಂತ. ಆಕೀಗೂ ಇದ ಬ್ಯಾನಿ."

ಚಹಾ ಆರಿತು. ಅದೇ ಸಂಜೆ, ಈ ಕೆಲಸ ಮಾಡುವ ಸ್ವಯಂಸೇವಕರು ಒಬ್ಬರಿಗೊಬ್ಬರು ಸಲಹೆ ಕೊಡುವ ತಾಣದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ತೊಂದರೆ ಬರೆದೆ. ಯಾವ ದೇಶದವರೋ ಗೊತ್ತಿಲ್ಲ, ಒಬ್ಬರು ಸಮಾಧಾನದಿಂದ ಬಿಡಿಸಿ ಹೇಳಿದರು. ಕಾರ್ಡು ಎಷ್ಟೇ ಚುರುಕಾಗಿದ್ದರೂ ತನ್ನ ಕೆಲಸವನ್ನು ತಾನೇ ತಂದುಕೊಳ್ಳಲಾರದು. ಪ್ರೊಸೆಸರ್ ಅದರ ಕೈಗೆ ಕೊಡಬೇಕು. ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ, ಅಂದರೆ ಅದರೊಳಗೆ ಕೆಲಸ ಮಾಡುವ ಭಾಗಗಳನ್ನೆಲ್ಲ, ನಾನು ಲೆಕ್ಕಕ್ಕೆ ಹಚ್ಚಿದ್ದರಿಂದ ಕಾರ್ಡಿಗೆ ಕೊಡುವವರೇ ಇರಲಿಲ್ಲ, ಅಂಗಡಿಯ ಕೆಲಸಕ್ಕೂ ಏನೂ ಉಳಿದಿರಲಿಲ್ಲ. ಒಂದು ಕೋರ್ ಕಾರ್ಡಿಗೆಂದು ಖಾಲಿ ಬಿಡಿ, ಇನ್ನೊಂದು ನಿಮಗೆ ಇರಲಿ, ಎಡಿಟ್ ಮಾಡುವಾಗ ಕಾರ್ಡಿನ ಲೆಕ್ಕ ತಾನಾಗಿ ನಿಲ್ಲುವಂತೆ ಮಾಡಿಕೊಳ್ಳಿ ಎಂದರು.

ಮರುದಿನ ಅಕ್ಕನಿಗೆ ಇದನ್ನು ವಿವರಿಸಿದೆ. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡಿತು. "ಒಂದ ಖೋಲ್ಯಾಗ ನಾಕು ಕ್ಲಾಸ್ ಕುಂದ್ರಸ್ತೀನಿ ನಾ. ಎಲ್ಲಾರಿಗೂ ಬರ್ಯಾಕ ಹಚ್ಚಿ ನಾನೂ ಬರ್ಕೋತ ಕುಂತ್ರ, ಮುಂದಿನ ಲೆಕ್ಕ ಕೊಡಾವ್ರು ಯಾರು?"

ಆಮೇಲೆ ಎರಡೂ ಕೂಡಿ ನಡೆದವು; ಎಡಿಟ್ ಮಾಡುವ ಹೊತ್ತಿನಲ್ಲಿ ಕಾರ್ಡು ನಿಂತರೂ ಉಳಿದ ಕೋರ್‌ಗಳು ಲೆಕ್ಕ ಬಿಡುತ್ತಿರಲಿಲ್ಲ. ಕೋರ್ ಕಡಿಮೆ ಕೊಟ್ಟರೂ ಲೆಕ್ಕ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಬಿಸಿಲು ಏರಿದಾಗ ಕಾರ್ಡು ಬಿಸಿಯಾಗದಂತೆ ಕಂಪ್ಯೂಟರ್ ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಕರೆಂಟ್ ಹೋದರೆ ಮಾಡಿದ್ದರಲ್ಲಿ ಸ್ವಲ್ಪ ಕಳೆದುಹೋಗುತ್ತಿತ್ತು. "ಅರ್ಧಾ ದಾಟಿತ್ತಲ್ಲೋ," ಎಂದು ಅಕ್ಕ ಪೇಚಾಡುತ್ತಿದ್ದಳು, ತನ್ನ ನೋವಿನ ಬಗ್ಗೆ ಅಷ್ಟು ಮಾತಾಡದವಳು.

ಒಂದು ದಿನ ಡಾಕ್ಟರು, ರೋಗ ಯಕೃತ್ತಿಗೆ ಹಬ್ಬಿದೆ, ಇನ್ನು ಕಿಮೊ ಬೇಡ ಎಂದರು. ಅಕ್ಕ ದಿಗ್ಗೇವಾಡಿಗೆ ಹೋದಳು. ಫೋನ್ ಮಾಡಿದರೆ ಮಾತು ಕಡಿಮೆ. "ನಡದೈತಿ?" ಎನ್ನುವಳು. "ನಡದೈತಿ ಅಕ್ಕಾ," ಎಂದರೆ ಫೋನನ್ನು ಭಾವನಿಗೆ ಕೊಡುವಳು.

ಮಳೆ ಹಿಡಿಯುವ ಮೊದಲೇ ಅವಳು ತೀರಿಕೊಂಡಳು. ಅಂಗಡಿ ಮುಚ್ಚಿ ಹೋದವನು ಕ್ರಿಯೆಗಳೆಲ್ಲ ಮುಗಿದ ಮೇಲೆ ಬಂದೆ. ಯಂತ್ರ ಹಚ್ಚಿದಾಗ, ನಾನು ಅರ್ಧಕ್ಕೆ ಬಿಟ್ಟುಹೋಗಿದ್ದ ತುಂಡುಗಳ ಗಡುವು ಮೀರಿತ್ತು. ಅವನ್ನು ಬೇರೆ ಯಾರದೋ ಯಂತ್ರಗಳಿಗೆ ಕೊಟ್ಟಾಗಿತ್ತು. ಕೆಲವನ್ನು ಅವರು ಮುಗಿಸಿಯೂ ಬಿಟ್ಟಿದ್ದರು. ಮೊದಲು ನೋವಾಯಿತು, ನಮಗಾಗಿ ಯಾರೂ ಒಂದು ಗಳಿಗೆ ನಿಲ್ಲಲಿಲ್ಲವೆಂದು. ನಿಧಾನವಾಗಿ ಅನ್ನಿಸಿತು: ಬಿದ್ದಲ್ಲಿಂದ ಯಾರೋ ಎತ್ತಿಕೊಂಡರಲ್ಲ, ಅಕ್ಕ ಬಯಸಿದ್ದು ಅದನ್ನೇ. ಹೊಸ ತುಂಡುಗಳನ್ನು ತರಿಸಿಕೊಂಡೆ.

ಕೆಲವು ವಾರಗಳ ಮೇಲೆ ಭಾವ ಬಂದರು. ಅಕ್ಕನ ಶಾಲೆಯಲ್ಲಿ ಹಾಕಲು ಫೋಟೋ ಬೇಕಾಗಿತ್ತು. ಮನೆಯ ಮದುವೆಯೊಂದರ ವಿಡಿಯೊದಲ್ಲಿ ಅವಳು ಅಕ್ಷತೆಯ ತಾಟು ಹಿಡಿದು ತಿರುಗಿ ನೋಡುವ ಒಂದು ಚಿತ್ರ ಸಿಕ್ಕಿತು, ತುಂಬುಗೂದಲಿನ ದಿನಗಳದು. ಅದನ್ನು ದೊಡ್ಡದು ಮಾಡಲು ಇಡೀ ಯಂತ್ರವೇ ಬೇಕಿತ್ತು; ಲೆಕ್ಕವನ್ನು ಪರದೆಗೆ ತಂದು ಪೂರ್ತಿ ನಿಲ್ಲಿಸಲೆಂದು ಕೈ ಚಾಚಿದೆ.

"ಅಕಿ ಹೇಳ್ತಿದ್ದದ್ದು ಇದ ಏನ್ರಿ?" ಎಂದರು ಭಾವ.

"ಹೌದ್ರಿ."

ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

"ನಡೀಲಿ ಬಿಡ್ರಿ. ಫೋಟೋ ನಾಳೆ ಆದ್ರೂ ನಡೀತೈತಿ," ಎಂದು ಎದ್ದರು. ಬಸ್ ನಿಲ್ದಾಣದ ತನಕ ಜೊತೆಗೆ ಹೋದೆ. ರಾಯಬಾಗದ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು.