ಬೀಟೆಮರದ ಉರುಳೆ

ತೀರ್ಥಹಳ್ಳಿ ಪೇಟೆಯಿಂದ ಮೂರು ಮೈಲಿ ಆಚೆ, ತುಂಗೆಯ ದಂಡೆಯ ಮೇಲಿದ್ದ ಪ್ರವಾಸಿ ಬಂಗಲೆಗೆ ಕೆರಿಯಪ್ಪ ಮೇಟಿಯಾಗಿದ್ದ. ಮೇಟಿ ಎಂದರೆ ಅಡುಗೆ ಮಾಡುವವನೂ ಅವನೇ, ಕಾಯುವವನೂ ಅವನೇ, ಬಂದ ಅಧಿಕಾರಿಗಳ ಬೂಟು ಎಲ್ಲಿ ಬಿಟ್ಟರೆಂದು ನೆನಪಿಟ್ಟುಕೊಳ್ಳಬೇಕಾದವನೂ ಅವನೇ. ಹನ್ನೊಂದು ವರ್ಷ ಹೀಗೆ ದುಡಿದರೂ ಸರ್ಕಾರದ ಲೆಕ್ಕದಲ್ಲಿ ಅವನು ದಿನಗೂಲಿ. ನಾಳೆಯಿಂದ ಬರಬೇಡ ಎಂದು ಯಾವನಾದರೂ ಗುಮಾಸ್ತೆ ಹೇಳಿದರೆ, ಬಂಗಲೆಯ ಹಿತ್ತಲಿನ ಒಂದೇ ಕೋಣೆಯ ಬಿಡಾರವನ್ನು ಸಂಜೆಯೊಳಗೆ ಖಾಲಿ ಮಾಡಬೇಕಾಗಿತ್ತು.

ಹಾಗಾಗಬಹುದೆಂಬುದು ಅವನ ಬರಿಯ ಕಲ್ಪನೆಯೇನಲ್ಲ. ಕವಲೇದುರ್ಗದ ಕೆಳಗೆ ಅವನ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಒಂದು ಬೆಳಿಗ್ಗೆ ಒಡೆಯರ ಒಂದೇ ಮಾತಿಗೆ ಹಾಗೆಯೇ ಕೈಬಿಟ್ಟಿತ್ತು. ಅಪ್ಪ ನೇಗಿಲನ್ನು ಹೆಗಲ ಮೇಲಿಟ್ಟುಕೊಂಡು ಅಂಗಳದಲ್ಲಿ ನಿಂತವನು, ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮಧ್ಯಾಹ್ನದವರೆಗೂ ನಿಂತೇ ಇದ್ದ. ಅದನ್ನು ನೋಡಿದ ಮಗ ಹೆದರುಪುಕ್ಕನಾಗದೆ ಇನ್ನೇನಾದಾನು? ಬಂಗಲೆಯ ಚಮಚಗಳನ್ನು ದಿನಕ್ಕೆ ಎರಡು ಸಲ ಎಣಿಸುತ್ತಿದ್ದ. ಬೀಗ ಹಾಕಿ ಬಂದು ಮತ್ತೆ ಹೋಗಿ ಎಳೆದು ನೋಡುತ್ತಿದ್ದ. ಅವನ ಹೆಂಡತಿ ದುಗ್ಗಮ್ಮ ನಕ್ಕರೆ ಅವನಿಗೆ ಸಿಟ್ಟು ಬರುತ್ತಿತ್ತು.

ಆ ಬಂಗಲೆಗೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದವರು ಇಂಜಿನಿಯರ್ ಸುಂದರೇಶ. ರಸ್ತೆ, ಮೋರಿಗಳ ಕೆಲಸ ನೋಡುವುದು ನೆಪ ಎನ್ನಲಾಗದು, ಕೆಲಸವನ್ನೂ ಮಾಡುತ್ತಿದ್ದರು. ಆದರೆ ಮನಸ್ಸು ಹೊಳೆಯಲ್ಲಿರುತ್ತಿತ್ತು. ದೇವಸ್ಥಾನದ ಮೀನುಗಳಿರುವ ಕಡೆ ಬಿಟ್ಟು, ಬಂಗಲೆಯ ಕೆಳಗಿನ ಬಂಡೆಗಳ ಮೇಲೆ ನಿಂತು ಗಾಳ ಎಸೆಯುವುದೆಂದರೆ ಅವರಿಗೆ ಊಟವೂ ಬೇಡ. ಅವರ ಹತ್ತಿರ ಗಾಳದ ಕೋಲಿಗೆ ಸಿಕ್ಕಿಸುವ ರೀಲುಗಳು ಎರಡಿದ್ದವು. ಒಂದು ಕಲ್ಕತ್ತೆಯಿಂದ ತರಿಸಿದ್ದು, ಹಿತ್ತಾಳೆಯದು, ಅಗ್ಗದ್ದು. ಇನ್ನೊಂದನ್ನು ಅವರ ಭಾವಮೈದುನ ಕಡಲಾಚೆಯ ಸೀಮೆಯಿಂದ ತಂದುಕೊಟ್ಟಿದ್ದ.

ಕಲ್ಕತ್ತೆಯದನ್ನು ತಿರುಗಿಸಿದರೆ ಬಾವಿಯ ರಾಟೆಯಷ್ಟೇ ಕಿರಗುಟ್ಟುತ್ತಿತ್ತು. ಮೀನು ಜೋರಾಗಿ ಎಳೆದರೆ ಹಿಡಿಕೆ ಹಿಂದಕ್ಕೆ ಗಿರ್ರನೆ ತಿರುಗಿ ಬೆರಳ ಗೆಣ್ಣುಗಳನ್ನು ಜಜ್ಜುತ್ತಿತ್ತು. ಅದಕ್ಕಿದ್ದದ್ದು ಹತ್ತಿಯ ದಾರ. ನೀರಿನಿಂದ ಬಂದ ಕೂಡಲೇ ಅಷ್ಟುದ್ದದ ದಾರವನ್ನೂ ಬಿಚ್ಚಿ, ಜಗಲಿಯ ಕಂಬದಿಂದ ಕಂಬಕ್ಕೆ ಸುತ್ತಿ ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು. ಸೀಮೆಯದು ಹಾಗಲ್ಲ. ಸದ್ದೇ ಇಲ್ಲ. ಮೀನು ಎಳೆದಷ್ಟು ದಾರ ತಾನಾಗಿ ಬಿಟ್ಟುಕೊಡುತ್ತಿತ್ತು, ನಿಂತರೆ ತಾನೂ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಿನ ಬೆಡಗೆಂದರೆ ನೆತ್ತಿಯ ಮೇಲಿನ ಗುಂಡಿ ಒತ್ತಿದರೆ ದಾರ ಸುತ್ತಿದ ಉರುಳೆಯೇ ಕಳಚಿ ಕೈಗೆ ಬರುತ್ತಿತ್ತು. ಇಂಜಿನಿಯರು ಅದನ್ನು ಸ್ಪೂಲು ಎನ್ನುತ್ತಿದ್ದರು. ಅದರ ಜೊತೆಗೆ ಇನ್ನೊಂದು ಸ್ಪೂಲು ಬೇರೆ ಇತ್ತು, ಕರಿ ಪ್ಲಾಸ್ಟಿಕ್ಕಿನದು. ರೀಲಿನಲ್ಲಿ ತೆಳು ನೈಲಾನ್ ದಾರ, ಈ ಹೆಚ್ಚಿನ ಉರುಳೆಯಲ್ಲಿ ದಪ್ಪ ದಾರ. ದೊಡ್ಡ ಮೀನು ಕಂಡರೆ ಅಂಗಿ ಬದಲಾಯಿಸಿದಷ್ಟೇ ಸುಲಭವಾಗಿ ಉರುಳೆ ಬದಲಾಯಿಸುತ್ತಿದ್ದರು.

ಒಮ್ಮೆ ಅವರು ಎರಡನ್ನೂ ಮುಂದಿಟ್ಟು, ಇದರಲ್ಲಿ ನಿನಗೆ ಯಾವುದು ಇಷ್ಟ ಎಂದು ಕೇಳಿದ್ದರು. ಕೆರಿಯಪ್ಪ ಕಲ್ಕತ್ತೆಯದನ್ನು ತೋರಿಸಿದ.

"ಇದಕ್ಕೆ ಕಾಯ್ಲೆ ಬಂದ್ರೆ ಕೂಗ್ತದೆ ಸ್ವಾಮಿ, ಗೊತ್ತಾಗ್ತದೆ. ಅದು ಎಂತದೂ ಹೇಳಾದಿಲ್ಲ. ಹೇಳ್ದೆ ಇರೋದನ್ನ ನೋಡ್ಕಣಾದು ಕಷ್ಟ."

ಇಂಜಿನಿಯರು ಬಿದ್ದು ಬಿದ್ದು ನಕ್ಕರು. ಆದರೂ ಎರಡನ್ನೂ ಅವನ ಬಳಿಯೇ ಬಿಟ್ಟುಹೋಗುತ್ತಿದ್ದರು. ಇವನ ಹಾಗೆ ಸಾಮಾನು ಜೋಪಾನ ಮಾಡುವವನು ಈ ಮೂರು ತಾಲೂಕಿನಲ್ಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಕೆರಿಯಪ್ಪ ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದ.

ಅರವತ್ತಮೂರನೆಯ ಇಸವಿ, ದೀಪಾವಳಿಗೆ ಹದಿನೈದು ದಿನ ಇತ್ತು. ಹೋಗಬೇಕಾದ ಮಳೆ ಇನ್ನೂ ಹೋಗಿರಲಿಲ್ಲ. ಇಂಜಿನಿಯರು ನೆನೆದುಕೊಂಡೇ ಮೀನು ಹಿಡಿದು, ಗಾಳದ ಸಾಮಾನಿನ ಒದ್ದೆ ಚೀಲವನ್ನು ಅವನ ಕೈಗೆ ಕೊಟ್ಟು ಒಂದು ಸುದ್ದಿ ಹೇಳಿದರು. ಹಬ್ಬ ಕಳೆದ ಭಾನುವಾರ ದೊಡ್ಡ ಸಾಹೇಬರು ಬರುತ್ತಾರೆ, ಅವರಿಗೂ ಗಾಳದ ಹುಚ್ಚು. ಕೆರಿಯಪ್ಪನನ್ನು ಕಾಯಂ ಮಾಡುವ ಕಾಗದ ಅವರ ಸಹಿಗೆ ಕಾದಿದೆ. ಊಟ, ಗಾಳ ಎರಡೂ ಚೆನ್ನಾಗಿ ನಡೆದರೆ ಇಲ್ಲಿಯೇ ಸಹಿ ಮಾಡಿಸುತ್ತೇನೆ. ಇಷ್ಟು ಹೇಳಿ ಜೀಪು ಹತ್ತಿದರು.

ಕೆರಿಯಪ್ಪ ಮಳೆಗಾಲದಲ್ಲಿ ಎಲ್ಲವನ್ನೂ ಒಣಗಿಸುತ್ತಿದ್ದ ರೀತಿಯಲ್ಲೇ ಆ ಚೀಲದಲ್ಲಿದ್ದುದನ್ನೂ ಒಣಗಿಸಿದ. ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿಯ ಮೇಲೆ ಉಪ್ಪಿನ ಮಡಕೆ, ಬೆಂಕಿಪೊಟ್ಟಣ, ಅಧಿಕಾರಿಗಳ ಬೂಟು, ಹಾಸಿಗೆಯ ಹೊದಿಕೆ ಎಲ್ಲವೂ ಒಣಗುತ್ತಿದ್ದವು. ಹತ್ತಿ ದಾರವೂ ವರ್ಷಗಳಿಂದ ಅಲ್ಲೇ ಒಣಗಿತ್ತು, ಅದಕ್ಕಾಗಿ ಹೊಗಳಿಸಿಕೊಂಡೂ ಇದ್ದ. ಸೀಮೆಯ ರೀಲಿಗೆ ಎಣ್ಣೆ ಹಚ್ಚಿ ಕಪಾಟಿನಲ್ಲಿಟ್ಟ. ಹೆಚ್ಚಿನ ಉರುಳೆ ಒದ್ದೆಯಾಗಿತ್ತಲ್ಲ, ಅದನ್ನು ಬಟ್ಟೆಯಲ್ಲಿ ಕಟ್ಟಿ ತಟ್ಟಿಯ ಮೇಲಿಟ್ಟ. ಹಬ್ಬದ ಅಡುಗೆಗೆ ಒಲೆ ಮೂರು ದಿನ ಆರಲಿಲ್ಲ.

ಹಬ್ಬ ಮುಗಿದ ಬುಧವಾರ ಗಂಟು ಬಿಚ್ಚಿ ನೋಡಿದ. ಕಾವಿಗೆ ದಾರ ಬಿಗಿದುಕೊಂಡು ಉರುಳೆಯನ್ನು ಹಿಸುಕಿಬಿಟ್ಟಿತ್ತು. ಒಂದು ಅಂಚು ಸೊಟ್ಟಗಾಗಿ, ನಡುವಿನವರೆಗೂ ಸೀಳು ಬಿಟ್ಟಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ಅಪ್ಪ, ಅಂಗಳ, ನೇಗಿಲು ಒಟ್ಟಿಗೆ ಕಣ್ಣಮುಂದೆ ಬಂದವು.

ದುಗ್ಗಮ್ಮನದು ನೇರ ಲೆಕ್ಕ. "ಮಂಗ ಹೊತ್ಕಂಡು ಹೋತು ಅನ್ನಿ. ಮಂಗನ್ನ ಯಾರ್ ಕೇಳ್ತಾರೆ?" ಎಂದಳು. ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಿ ಎಂದೂ ಆಮೇಲೆ ಸೇರಿಸಿದಳು. ಕೆರಿಯಪ್ಪ ಎರಡನ್ನೂ ಒಪ್ಪಲಿಲ್ಲ. ಕಳೆದುಕೊಂಡವನಿಗೂ ಒಡೆದವನಿಗೂ ಯಾರು ಬಂಗಲೆ ಕಾಯಂ ಮಾಡಿಕೊಡುತ್ತಾರೆ? ಭಾನುವಾರ ಒಂದು ದಾಟಿ, ಸಹಿ ಬಿದ್ದರೆ ಸಾಕು, ಆಮೇಲೆ ಕಾಲು ಹಿಡಿದು ಹೇಳಿಕೊಂಡರಾಯಿತು ಎಂದು ಅವನ ತಲೆಗೆ ಹೊಕ್ಕಿತು. ಹೆದರಿದವನ ಬುದ್ಧಿ ಯಾವತ್ತೂ ಇಂಥ ಸಂದಿಯಲ್ಲೇ ನುಗ್ಗುವುದು.

ಗುರುವಾರ ಬೆಳಗಿನ ಬಸ್ಸಿಗೆ ಹತ್ತಿ, ಹೊಸನಗರದಲ್ಲಿ ಬಸ್ಸು ಬದಲಾಯಿಸಿ, ಸಾಗರ ತಲುಪಿದ. ಅಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರ ಅಂಜನಪ್ಪನ ಪರಿಚಯವಿತ್ತು, ಹಿಂದೊಮ್ಮೆ ಬಂಗಲೆಯ ಕುರ್ಚಿಗಳಿಗೆ ಕಾಲು ಕೂರಿಸಲು ಬಂದವನು. ಅಂಜನಪ್ಪ ಸೀಳಿದ ಉರುಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಇದಕ್ಕೆ ಬೆಸುಗೆಯಿಲ್ಲ, ಅಂಟು ನಿಲ್ಲುವುದಿಲ್ಲ, ಬೇಕಾದರೆ ಬೀಟೆಮರದಲ್ಲಿ ಇಂಥದ್ದೇ ಒಂದು ಕಡೆದು ಕೊಡುತ್ತೇನೆ ಎಂದ. ಮಾರನೆಯ ದಿನ ಮಧ್ಯಾಹ್ನದೊಳಗೆ ಕಡೆದೂ ಕೊಟ್ಟ. ಮಸಿ ಕಲಸಿದ ಅರಗಿನ ಮೆರುಗು ಹಾಕಿದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟರೆ, ಸೀಳಿದ ಉರುಳೆಯೇ ನಕಲಿ ಅನ್ನಿಸುತ್ತಿತ್ತು.

ಕೊಡುವಾಗ ಅಂಜನಪ್ಪ ಒಂದು ಮಾತು ಹೇಳಿದ. "ಹೊರಗೆ ಅರಗು ಹಾಕೀನಿ. ಒಳಗಿನ ತೂತಿಗೆ ಹಾಕಿದ್ರೆ ಕೂರಾದಿಲ್ಲ, ಹಾಗೇ ಬಿಟ್ಟೀನಿ. ನೀರು ತಾಗದಂಗೆ ನೋಡ್ಕ."

ಹೊಳೆಗೆ ಹೋಗುವ ಸಾಮಾನನ್ನು ನೀರು ತಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೆರಿಯಪ್ಪ ಕೇಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವನು ಉರುಳೆಯನ್ನು ಒಳಜೇಬಿನಲ್ಲಿಟ್ಟುಕೊಂಡು, ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ. ಮನೆಗೆ ಬಂದು ದಪ್ಪ ದಾರವನ್ನು ಬಿಚ್ಚಿ ಹೊಸದಕ್ಕೆ ಸುತ್ತಿದ. ರೀಲಿಗೆ ಹಾಕಿ ನೋಡಿದ, ಸರಿಯಾಗಿ ಕುಳಿತಿತು. ತೆಗೆದ, ಬಂತು. ಶನಿವಾರ ಒಂದೇ ದಿನ ಇಪ್ಪತ್ತು ಸಲವಾದರೂ ಹಾಕಿ ತೆಗೆದಿದ್ದಾನು. ಇಪ್ಪತ್ತು ಸಲವೂ ಸರಿಯಾಗಿಯೇ ಬಂತು, ಒಂದು ಸಲವೂ ಸಮಾಧಾನವಾಗಲಿಲ್ಲ. ಸಾಹೇಬರಿಗೆ ದೊಡ್ಡ ಮೀನೇ ಕಾಣದಿರಲಿ ಎಂದು ಹೊಳೆಯ ಕಡೆ ಕೈಮುಗಿದ.

ಭಾನುವಾರ ದೊಡ್ಡ ಸಾಹೇಬರು ಬಂದರು. ಉಪ್ಪಿಟ್ಟು ಮೆಚ್ಚಿದರು, ಕಾಫಿ ಎರಡು ಸಲ ಕೇಳಿದರು. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಬಂಡೆಗಳ ಮೇಲಿದ್ದರು. ಸೀಮೆಯ ರೀಲು ದೊಡ್ಡ ಸಾಹೇಬರ ಕೈಯಲ್ಲಿ, ಕಲ್ಕತ್ತೆಯದು ಇಂಜಿನಿಯರ ಕೈಯಲ್ಲಿ. ಕೆರಿಯಪ್ಪ ಚೀಲ ಹಿಡಿದು ಹಿಂದೆ ನಿಂತಿದ್ದ. ತೆಳು ದಾರಕ್ಕೆ ಸಣ್ಣ ಮೀನು ಎರಡು ಸಿಕ್ಕಿದವು. ಸಾಹೇಬರು ನಗುತ್ತಿದ್ದರು. ಇನ್ನೇನು, ಊಟಕ್ಕೆ ಏಳುತ್ತಾರೆ ಎನ್ನುವಷ್ಟರಲ್ಲಿ ಮಡುವಿನಲ್ಲಿ ಮೊಳಕೈಯುದ್ದದ ಬೆನ್ನೊಂದು ಹೊಳೆದು ಮುಳುಗಿತು.

ದಪ್ಪ ದಾರ ಹಾಕಿ ಎಂದರು ಸಾಹೇಬರು. ಇಂಜಿನಿಯರು ಹಿಂದೆ ತಿರುಗದೆ ಕೈ ಚಾಚಿದರು. ಕೆರಿಯಪ್ಪ ಕೊಟ್ಟ.

ಉರುಳೆ ಅಂಗೈಗೆ ಬಿದ್ದದ್ದೇ ಇಂಜಿನಿಯರು ಅದನ್ನು ತೂಗಿ ನೋಡಿದರು. ಬೆರಳಿನಿಂದ ಅಂಚನ್ನು ಸವರಿದರು. ಆಮೇಲೆ ತಿರುಗಿ ಕೆರಿಯಪ್ಪನ ಮುಖ ನೋಡಿದರು. ಕೆರಿಯಪ್ಪ ಬಗ್ಗಿ ಚೀಲದ ಬಾಯಿ ಕಟ್ಟತೊಡಗಿದ. ಇಂಜಿನಿಯರು ಉರುಳೆಯನ್ನು ರೀಲಿಗೆ ಕೂರಿಸಿ ಸಾಹೇಬರ ಕೈಗೆ ಕೊಟ್ಟರು.

ಅರ್ಧ ಗಂಟೆ ಕಳೆಯಿತು. ಎಸೆದು ಎಳೆದು, ಎಸೆದು ಎಳೆದು, ದಾರದ ಜೊತೆ ಬಂದ ನೀರೆಲ್ಲ ಮರಕ್ಕೆ ಇಳಿಯುತ್ತಿತ್ತು. ಇಂಜಿನಿಯರು ಗೊತ್ತಾಗಿಯೂ ಸುಮ್ಮನಿದ್ದಾರೋ, ಗೊತ್ತೇ ಆಗಿಲ್ಲವೋ ಎಂದು ಕೆರಿಯಪ್ಪ ಅವರ ಬೆನ್ನನ್ನೇ ನೋಡುತ್ತಿದ್ದ. ಆಗ ಮೀನು ಕಚ್ಚಿತು. ಕೋಲು ಬಿಲ್ಲಾಯಿತು. ಬಿಟ್ಟುಕೊಡಬೇಕಾದ ಉರುಳೆ ಉಬ್ಬಿ ಕಚ್ಚಿಕೊಂಡಿತ್ತು, ಒಂದು ಗೇಣು ದಾರವನ್ನೂ ಬಿಡಲಿಲ್ಲ. ಫಟ್ಟೆಂದು ದಾರ ಹರಿಯಿತು, ಸಾಹೇಬರು ಬಂಡೆಯ ಮೇಲೆ ಕುಕ್ಕರಿಸಿದರು.

ಇಂಜಿನಿಯರು ಓಡಿಹೋಗಿ ಅವರನ್ನು ಎಬ್ಬಿಸಿ, ರೀಲಿನ ಗುಂಡಿ ಒತ್ತಿದರು. ಉರುಳೆ ಬರಲಿಲ್ಲ. ಪಂಚೆ ಒದ್ದೆಯಾದ ಸಾಹೇಬರಿಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟೊಂದು ಬಡಾಯಿ ಕೊಚ್ಚಿದ ಸೀಮೆಯ ಮಾಲು ಇದೇನೇನ್ರಿ, ನಿಮ್ಮ ಕಲ್ಕತ್ತೆಯದೇ ವಾಸಿಯಲ್ಲವೇ ಎಂದರು. ಇದಕ್ಕೆ ಏನಾಗಿದೆ ಎಂದೂ ಕೇಳಿದರು.

ಹೇಳಬೇಕಾದ ಗಳಿಗೆ ಅದೇ ಎಂದು ಕೆರಿಯಪ್ಪನಿಗೆ ಗೊತ್ತಿತ್ತು. ಒಂದು ಹೆಜ್ಜೆ ಮುಂದೆಯೂ ಬಂದ. ಬಾಯಿ ತೆರೆದ. ಆ ಕಾಗದ, ಆ ಒಂದು ಕೋಣೆ ನೆನಪಾಯಿತು, ಬಾಯಿ ಮುಚ್ಚಿಕೊಂಡಿತು.

"ಮಾಲೇ ಸರಿಯಿಲ್ಲ ಸಾರ್. ನಾನು ನೋಡಿ ತರಿಸಬೇಕಿತ್ತು, ತಪ್ಪು ನನ್ನದು" ಎಂದರು ಇಂಜಿನಿಯರು.

ಊಟವಾದ ಮೇಲೆ ಸಾಹೇಬರ ಸಿಟ್ಟು ಇಳಿಯಿತು. ಕೋಳಿ ಸಾರು ಅಷ್ಟು ಚೆನ್ನಾಗಿತ್ತು. ಕಾಗದ ತರಿಸಿ ಸಹಿ ಹಾಕಿ, ಹೊರಗಿನ ಕೋಣೆಯಲ್ಲಿ ಮಲಗಿದರು. ಕೆರಿಯಪ್ಪ ಸೀಳಿದ ಉರುಳೆಯನ್ನು ತಂದು ಜಗಲಿಯಲ್ಲಿದ್ದ ಇಂಜಿನಿಯರ ಮುಂದಿಟ್ಟು, ಒಲೆಯಿಂದ ಹಿಡಿದು ಸಾಗರದವರೆಗೆ ಎಲ್ಲವನ್ನೂ ಹೇಳಿದ. ಅಳುತ್ತಲೇ ಹೇಳಿದ. ಅವರು ಪೂರ್ತಿ ಕೇಳಿದರು.

"ಒಡೆದದ್ದಕ್ಕೆ ಬೇಜಾರಿಲ್ಲ ಕೆರಿಯಪ್ಪ. ನೈಲಾನಿಗೆ ಬಿಸಿ ಆಗದು ಅಂತ ನಿನಗೆ ಹೇಳದೇ ಹೋದವನು ನಾನು. ಆದರೆ ಕೈ ಚಾಚಿದೆನಲ್ಲ, ಆವಾಗ ನೀನು ಅದನ್ನ ಕೊಟ್ಟೆ."

ಇಷ್ಟು ಹೇಳಿ ಇಂಜಿನಿಯರು ಎದ್ದು ಒಳಗೆ ಹೋದರು.

ಕಾಯಂ ಆದ ಆದೇಶ ಒಂದು ತಿಂಗಳಿಗೆ ಬಂತು. ದುಗ್ಗಮ್ಮ ಅದನ್ನು ದೇವರ ಪಟದ ಹಿಂದಿಟ್ಟಳು. ಕೆರಿಯಪ್ಪನಿಗೆ ಅಲ್ಲಿಯವರೆಗೆ ನಿದ್ದೆ ಹತ್ತಿರಲಿಲ್ಲ, ಆ ದಿನ ಮಧ್ಯಾಹ್ನವೇ ಗೊರಕೆ ಹೊಡೆದ. ಸಂಕ್ರಾಂತಿ ಕಳೆದು ಇಂಜಿನಿಯರು ಬಂದಾಗ ಪಾಯಸ ಮಾಡಿದ. ಅವರು ನಿಜವಾಗಿಯೂ ಸಂತೋಷಪಟ್ಟರು, ಬೆನ್ನು ತಟ್ಟಿದರು, ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಸಂಜೆ ಕಲ್ಕತ್ತೆಯ ರೀಲು ಹಿಡಿದು ಹೊಳೆಗೆ ಇಳಿದರು.

ಅವರು ಹತ್ತಿಬರುವುದನ್ನು ಕಂಡು ಕೆರಿಯಪ್ಪ ಮೆಟ್ಟಿಲವರೆಗೆ ಓಡಿಹೋಗಿ, ಯಾವಾಗಿನ ಹಾಗೆ ಎರಡೂ ಕೈ ಚಾಚಿದ.

"ಇರಲಿ ಕೆರಿಯಪ್ಪ, ನಾನೇ ಮಾಡ್ಕೋತೀನಿ" ಎಂದರು ಅವರು, ಮೆತ್ತಗೆ.

ಅವರು ಜಗಲಿಯ ಕಂಬದಿಂದ ಕಂಬಕ್ಕೆ ದಾರ ಸುತ್ತತೊಡಗಿದರು. ಅಭ್ಯಾಸವಿಲ್ಲದ ಕೈ, ಎರಡು ಕಡೆ ಸಿಕ್ಕಾಯಿತು. ಬಿಡಿಸಲು ಕೆರಿಯಪ್ಪನ ಬೆರಳು ಮಿಡಿಯುತ್ತಿದ್ದವು. ಅವರು ತಾವೇ ಕಷ್ಟಪಟ್ಟು ಬಿಡಿಸಿಕೊಂಡರು. ಆಮೇಲೆ ರೀಲನ್ನು ಒರೆಸಿ, ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಒಮ್ಮೆ ಎಳೆದು ನೋಡಿದರು. ಸರ್ಕಾರದ ಕಾಯಂ ಮೇಟಿ ಕೆರಿಯಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ.